ಶರೀಫರ ಕೋಳಿಯೂ ಡ್ರಮ್ಸೂ

‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಎರಡನೆಯ ಆಲ್ಬಂ ‘ಜಗ್ ಚಂಗಾ’ (2013) ವಿಚಿತ್ರ ಬುತ್ತಿ. ಹಿಂದಿ ಹಾಡುಗಳ ನಡುವೆಯೇ ನಮ್ಮ ಶಿಶುನಾಳ ಶರೀಫರ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’. ಮೊದಲ ಸಲ ಕೇಳಿದಾಗ ನನಗೆ ಸಿಟ್ಟೇ ಬಂತು. ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅಪ್ಪ, ಭಜನೆಯಲ್ಲಿ ಏಕತಾರಿ ಹಿಡಿದು ಕೋಡಗನ ಪದ ಹಾಡುವಾಗ ಪ್ರತಿ ನುಡಿಗೂ ತುಸು ನಿಂತು ನಮ್ಮ ಮುಖ ನೋಡುತ್ತಿದ್ದ. ಒಗಟು ಮನಸ್ಸಿಗೆ ಇಳಿಯುತ್ತಿದ್ದುದು ಆ ಬಿಡುವಿನಲ್ಲಿ. ಇಲ್ಲಿ ಆ ಜಾಗವನ್ನೆಲ್ಲ ಡ್ರಮ್ಸು, ಗಿಟಾರು ತುಂಬಿಬಿಟ್ಟಿವೆ. ಮಳೆಗಾಲದಲ್ಲಿ ಘಟಪ್ರಭೆಯ ಧಬಧಬೆಯ ಎದುರು ನಿಂತು ಮಾತಾಡಿದ ಹಾಗೆ.

ಆದರೂ ಎಂಟನೆಯ ತರಗತಿಯ ಮಕ್ಕಳಿಗೆ ಕೇಳಿಸಿದೆ. ಬೆಂಚು ಬಡಿದು ಕುಣಿದರು. ಒಬ್ಬಳು ಮಾತ್ರ ಸುಮ್ಮನೆ ಕೂತಿದ್ದವಳು, “ಅಕ್ಕಾರ, ಕೋಳಿ ಅಂದ್ರ ಯಾರ್ರಿ?” ಎಂದಳು. ಅಪ್ಪ ನನಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ಹಾಡು ಇನ್ನೊಮ್ಮೆ ಹಚ್ಚಿದೆ.