ಪಾಸಿನ ಲೆಕ್ಕ

ಮುಂಬಯಿಗೆ ಬಂದಿಳಿದ ನಮ್ಮೂರ ಹುಡುಗನಿಗೆ ಒಂದು ಕೆಲಸ, ತಲೆ ಮೇಲೊಂದು ಸೂರು ಸಿಕ್ಕ ಮೇಲೆ ಆಗಬೇಕಾದ ಮೂರನೆಯ ಕೆಲಸ ಲೋಕಲ್ ಗಾಡಿಯ ಪಾಸು. ಅದು ಕಿಸೆಗೆ ಬಿದ್ದ ದಿನವೇ ಅವನು ಈ ಊರಿನವನಾದ ಅಂತ ಲೆಕ್ಕ. ಆದರೆ ಆ ಪಾಸಿನ ದರದ ಲೆಕ್ಕ ಮಾತ್ರ ಇಲ್ಲಿ ತಲೆ ನೆರೆತವರಿಗೂ ಸುಲಭಕ್ಕೆ ಹತ್ತುವುದಿಲ್ಲ.

ಸೆಕೆಂಡ್ ಕ್ಲಾಸಿನ ತಿಂಗಳ ಪಾಸಿನ ಬಗ್ಗೆ ನನ್ನ ತಕರಾರಿಲ್ಲ. ಹೆಚ್ಚು ಕಡಿಮೆ 15 ಸಲದ ಟಿಕೆಟ್ಟಿನ ದುಡ್ಡು ಕೊಟ್ಟರೆ ತಿಂಗಳಿಡೀ ಓಡಾಟ. ಹೋಗಿ ಬಂದು ಮಾಡುವವನಿಗೆ ಎಂಟನೇ ದಿನಕ್ಕೆ ಅಸಲು ಹುಟ್ಟಿತು. 2014ರ ಜೂನಿನಲ್ಲಿ ಈ 15ನ್ನು 30 ಮಾಡಲು ಹೊರಟಾಗ ಮುಂಬಯಿ ಸಿಡಿದೆದ್ದಿತು. ಕೆಲವೇ ದಿನಗಳಲ್ಲಿ ರೈಲ್ವೆ ಹಿಂದೆ ಸರಿಯಿತು. ಲೆಕ್ಕ ಸರಳವಾಗಿತ್ತು, ಹಾಗಾಗಿ ಏಟು ಬಿದ್ದದ್ದು ಎಲ್ಲರಿಗೂ ತಿಳಿಯಿತು.

ತೊಡಕು ಇರುವುದು ಉದ್ದದ ಪಾಸುಗಳಲ್ಲಿ. ನನ್ನ ಅಣ್ಣನ ಮಗ ಕೇಳಿದ: "ಚಿಕ್ಕಪ್ಪ, ವರ್ಷದ್ದೇ ಮಾಡಿಸಿದ್ರೆ ಲಾಭ ಜಾಸ್ತಿ ಅಲ್ವಾ?" ನಾನೂ ಎಷ್ಟೋ ಕಾಲ ಹಾಗೇ ನಂಬಿದ್ದವನು. ಮೂರು ತಿಂಗಳ ಪಾಸಿಗೆ ತಿಂಗಳ ದರದ 2.7 ಪಟ್ಟು, ಆರು ತಿಂಗಳಿಗೆ 5.4, ವರ್ಷಕ್ಕೆ 10.8. ಭಾಗಿಸಿ ನೋಡಿ. ಮೂರಕ್ಕೂ ರಿಯಾಯಿತಿ ನೂರಕ್ಕೆ ಹತ್ತೇ! ವರ್ಷದ ದುಡ್ಡು ಮುಂಗಡ ಕಟ್ಟಿದವನಿಗೆ ಒಂದು ಬಿಡಿಗಾಸೂ ಹೆಚ್ಚಿಗೆ ಇಲ್ಲ.

ವರ್ಷದ ಪಾಸಿನಲ್ಲಿ ಉಳಿಯುವುದು 1.2 ತಿಂಗಳ ದುಡ್ಡು, ಅಂದ್ರೆ 36 ದಿನ. ಇಲ್ಲೇ ಹುಟ್ಟಿ ಬೆಳೆದವನಿಗೆ ಅದು ಉಳಿತಾಯವೇ ಸರಿ. ನಮ್ಮಂಥವರಿಗೆ? ಮೇ ತಿಂಗಳಲ್ಲಿ ಊರು, ಚೌತಿಗೆ ಊರು, ಮನೆಯ ದೈವದ ಕೋಲ, ತಂಗಿಯ ಮದುವೆ. 36 ದಿನ ಅಲ್ಲಿಗೇ ಮುಗಿಯಿತು. ಊರಿನ ನಂಟು ಬಿಡದವನಿಗೆ ತಿಂಗಳ ಪಾಸೇ ಲೇಸು. ಅವಧಿ ಮುಗಿದ ದಿನ ಗಂಟು ಕಟ್ಟಿಕೊಂಡು ಹೊರಡಬಹುದು.

ಇನ್ನು ಎ.ಸಿ. ಲೋಕಲ್. ಮೊದಲ ಗಾಡಿ ಓಡಿದ್ದು 2017ರ ಡಿಸೆಂಬರ್ 25ರಂದು. 2022ರ ಮೇ 5ರಿಂದ ಅದರ ಟಿಕೆಟ್ ದರವನ್ನು ಸುಮಾರು ಅರ್ಧಕ್ಕೆ ಇಳಿಸಿದರು. 5 ಕಿಲೋಮೀಟರಿಗೆ 65 ರೂಪಾಯಿ ಇದ್ದದ್ದು 30 ಆಯಿತು. ಊರೆಲ್ಲ "ಅರ್ಧ ದರ" ಅಂದಿತು. ಆದರೆ ಪಾಸಿನ ದರ ಆಗ ಇಳಿಯಲೇ ಇಲ್ಲ. ಮೊದಲು 20 ಸಲ ಹತ್ತಿದರೆ ಗಿಟ್ಟುವ ಪಾಸು ಅಂತ ಇಟ್ಟುಕೊಳ್ಳಿ. ಟಿಕೆಟ್ ಅರ್ಧವಾದ ಮೇಲೆ ಅದೇ ಪಾಸು ಗಿಟ್ಟಲು 40 ಸಲ ಹತ್ತಬೇಕು. ಎ.ಸಿ. ಗಾಡಿಗಳು ಸಾಮಾನ್ಯ ಗಾಡಿಗಳಷ್ಟು ಪದೇಪದೇ ಬರುವುದೂ ಇಲ್ಲ. ಬೆಳಿಗ್ಗೆ ತಂಪಾಗಿ ಹೋದವನು ಸಂಜೆ ಸಿಕ್ಕಿದ ಗಾಡಿಗೆ ನೇತುಬೀಳುತ್ತಾನೆ. ಅಪರೂಪಕ್ಕೆ ಹತ್ತುವವನಿಗೆ ಬೆಲ್ಲ, ದಿನಾ ಹತ್ತುವವನಿಗೆ ಬೇವು. ಪಾಸು ಎನ್ನುವುದು ದಿನಾ ಬರುವ ಗಿರಾಕಿಗೆ ಕೊಡುವ ಮರ್ಯಾದೆ ತಾನೆ?

ಇದರಲ್ಲಿ ಯಾವುದೂ ಗುಟ್ಟಲ್ಲ, ಎಲ್ಲವೂ ನಿಯಮದಲ್ಲೇ ಇದೆ. ಆದರೆ ಸುಳ್ಳು ಹೇಳದೆಯೂ ದಾರಿ ತಪ್ಪಿಸಬಹುದು. "ಇಷ್ಟು ಸಲ ಪ್ರಯಾಣ ಮಾಡಿದರೆ ಮಾತ್ರ ಲಾಭ" ಎಂದು ಕಿಟಕಿಯ ಮೇಲೊಂದು ಸಾಲು ಬರೆದು ಹಾಕಿದರೆ ಸಾಕು. ಭಾಷೆ ಬಾರದ ಹೊಸಬನೂ ಅಂಕಿ ಓದಬಲ್ಲ. ಮನಸ್ಸು ಮಾಡಿದರೆ ರೈಲ್ವೆಗೆ ಆಗದ್ದೇನಲ್ಲ. 2020ರ ಲಾಕ್‌ಡೌನಿನಲ್ಲಿ ನಷ್ಟವಾದ ದಿನಗಳನ್ನು ಪಾಸಿಗೆ ಮರಳಿ ಸೇರಿಸಿಕೊಟ್ಟವರೂ ಇವರೇ.

ಊರಿನಲ್ಲಿರುವ ನಿಮಗೆ ಇದೆಲ್ಲ ಯಾಕೆ ಅಂತೀರಾ? ಫೋನಿನಲ್ಲಿ ಅಮ್ಮ "ಇನ್ನು ನಾಲ್ಕು ದಿನ ಇದ್ದು ಹೋಗೋ ಹಾಗೆ ಬಾರೋ" ಅನ್ನುತ್ತಾಳೆ. ಮಗ "ಪಾಸು ದಂಡ ಆಗ್ತದಮ್ಮ" ಅನ್ನುತ್ತಾನೆ. ಅವನನ್ನು ಜಿಪುಣ ಅನ್ನಬೇಡಿ. ಮುಂದಿನ ಸಲ ತಿಂಗಳ ಪಾಸು ಮಾಡಿಸು ಅನ್ನಿ.