ಕಣ್ಣು ಹೋದ ಮೇಲಿನ ಹಿತ್ತಿಲು

ನಮ್ಮ ಕಾವ್ಯಪುರಾಣಗಳಲ್ಲಿ ಕುರುಡನೊಬ್ಬನು ಬಂದನೆಂದರೆ ಅವನು ಬರಿಗೈಯಲ್ಲಿ ಬರುವುದಿಲ್ಲ. ಒಂದು ಅರ್ಥವನ್ನು ಹೊತ್ತುಕೊಂಡೇ ಬರುತ್ತಾನೆ. ಧೃತರಾಷ್ಟ್ರನ ಕುರುಡು ಪುತ್ರವ್ಯಾಮೋಹದ ಕುರುಡು. ಶ್ರವಣಕುಮಾರನ ತಂದೆತಾಯಿಗಳ ಕುರುಡು ಮಗನ ಹೆಗಲಿನ ಭಾರ. ಇದಕ್ಕೆ ಎದುರಾಗಿ ಇನ್ನೊಂದು ಸಂಪ್ರದಾಯವೂ ಉಂಟು: ಹೊರಗಣ್ಣು ಮುಚ್ಚಿದವನಿಗೆ ಒಳಗಣ್ಣು ತೆರೆಯಿತೆಂದು ಹೇಳಿ, ಪ್ರಜ್ಞಾಚಕ್ಷುವೆಂದು ಕೈಮುಗಿದು, ಪೀಠದ ಮೇಲೆ ಕೂರಿಸುವುದು. ಒಂದು ನಿಂದೆ, ಇನ್ನೊಂದು ಸ್ತುತಿ. ಇವೆರಡರ ನಡುವೆ ಒಂದು ಸಣ್ಣ ಪ್ರಶ್ನೆ ಕೇಳದೆ ಉಳಿದುಹೋಗಿದೆ: ಆ ಮನುಷ್ಯ ಬೆಳಗ್ಗೆ ಎದ್ದು ಬಚ್ಚಲಿಗೆ ಹೇಗೆ ಹೋದ? ಶ್ರವಣನು ನೀರಿಗೆ ಹೋದಾಗ ಆ ಮುದುಕರು ಬಾಯಾರಿ ಕಾದಿದ್ದರೆಂಬುದು ಎಲ್ಲರಿಗೂ ಗೊತ್ತು. ಅವನು ದೊಡ್ಡವನಾಗುವ ಮೊದಲು ಅವರಿಗೆ ನೀರು ತಂದವರು ಯಾರೆಂದು ನಾವು ಕೇಳಲಿಲ್ಲ.

ಇದು ಕ್ಷುಲ್ಲಕ ಪ್ರಶ್ನೆಯೆಂದು ಒಂದು ಕಾಲಕ್ಕೆ ನಾನೂ ಭಾವಿಸಿದ್ದೆ. ಹಾಗೆ ಭಾವಿಸುವ ಸೌಕರ್ಯ ಈಗ ನನಗಿಲ್ಲ. ನನ್ನ ತಂದೆಯವರು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದವರು. ಅವರಿಗೆ ಬಂದದ್ದು ಗ್ಲಾಕೋಮಾ. ಅದು ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಬರುವ ರೋಗ. ಮೊದಲು ಪಕ್ಕದ ನೋಟ ಹೋಗುತ್ತದೆ, ನೋವಿಲ್ಲದ್ದರಿಂದ ಬಹುಕಾಲ ತಿಳಿಯುವುದೇ ಇಲ್ಲ. ಹೋದ ದೃಷ್ಟಿ ಮರಳುವುದೂ ಇಲ್ಲ. ಈಗ ಫೋನು ಅವರಿಗೆ ದಿನಪತ್ರಿಕೆಯನ್ನು ಓದಿ ಹೇಳುತ್ತದೆ. ಪುಸ್ತಕಕ್ಕೆ ಮಾತ್ರ ನಾನೇ ಬೇಕು. ಫೋನಿನ ಏಕಶ್ರುತಿಗೆ ಅವರ ಕಿವಿ ಒಗ್ಗಿಲ್ಲ. ಕಳೆದ ಮಳೆಗಾಲದ ಸಂಜೆಗಳಲ್ಲಿ, ಕಣ್ಣು ಕಳೆದುಕೊಂಡವರು ತಾವೇ ಬರೆದ ಮೂರು ಇಂಗ್ಲಿಷ್ ಗ್ರಂಥಗಳನ್ನು ಅವರಿಗೆ ಓದಿ ಹೇಳಿದೆ. ಕೆಳಗಿನ ವಿಮರ್ಶೆಯಲ್ಲಿ ಅರ್ಧ ಪಾಲು ಅವರದು. ತಪ್ಪಿದ್ದರೆ ಅದು ನನ್ನದು.

ಮೊದಲನೆಯದು ಜಾನ್ ಹಲ್ ಅವರ ‘ಟಚಿಂಗ್ ದಿ ರಾಕ್’ (1990). ಹಲ್ 1935ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದವರು, 2015ರಲ್ಲಿ ತೀರಿಕೊಂಡರು. ಚಿಕ್ಕಂದಿನಿಂದ ಕಾಡಿದ ಕಣ್ಣಿನ ಬೇನೆ ನಡುವಯಸ್ಸಿನಲ್ಲಿ ದೃಷ್ಟಿಯನ್ನು ಪೂರ್ತಿಯಾಗಿ ನುಂಗಿತು. 1983ರಿಂದ ಮೂರು ವರ್ಷ ತಮ್ಮ ಅನುಭವವನ್ನು ಅವರು ಕ್ಯಾಸೆಟ್ಟುಗಳಲ್ಲಿ ಹೇಳಿಟ್ಟರು. ಆ ದಿನಚರಿಯೇ ಈ ಪುಸ್ತಕ. ಅದರಲ್ಲಿ ಒಂದು ಸಂಜೆ ಅವರು ಮುಂಬಾಗಿಲು ತೆರೆಯುತ್ತಾರೆ, ಹೊರಗೆ ಮಳೆ. ಚಾವಣಿಯ ಮೇಲೆ ಬಿದ್ದ ಮಳೆ ಒಂದು ಸದ್ದು, ಪೊದೆಯ ಮೇಲೆ ಬಿದ್ದದ್ದು ಇನ್ನೊಂದು, ಕಾಲುದಾರಿಯ ಮೇಲೆ ಮತ್ತೊಂದು. ಅಲ್ಲಿಯವರೆಗೆ ಇಲ್ಲವೇ ಇಲ್ಲವಾಗಿದ್ದ ತೋಟ ಏರುತಗ್ಗುಗಳೊಡನೆ ಒಮ್ಮೆಗೇ ಅವರ ಮುಂದೆ ಬಂದು ನಿಲ್ಲುತ್ತದೆ. ಕೋಣೆಯೊಳಗೂ ಹೀಗೆ ಮಳೆ ಬೀಳುವಂತಿದ್ದರೆ ಮೇಜು ಕುರ್ಚಿಗಳೂ ಕಾಣುತ್ತಿದ್ದವಲ್ಲ ಎಂದು ಅವರು ಹಂಬಲಿಸುತ್ತಾರೆ. ಹಿಮ ಬಿದ್ದ ದಿನ ಇದಕ್ಕೆ ತೀರ ವಿರುದ್ಧ: ಸದ್ದುಗಳು ಮಂಕಾಗುತ್ತವೆ, ದಾರಿಯ ಅಂಚು ಬಿಳಿ ಕೋಲಿಗೆ ಸಿಗುವುದಿಲ್ಲ. ಕಣ್ಣಿದ್ದವರಿಗೆ ಮಂಜು ಹೇಗೋ ಕಣ್ಣಿಲ್ಲದವರಿಗೆ ಹಿಮ ಹಾಗೆ.

ನಮ್ಮ ಕವಿಗಳ ವರ್ಷಾಕಾಲದಲ್ಲಿ ಮೋಡವಿದೆ, ಮಿಂಚಿದೆ, ನವಿಲಿದೆ. ಮಳೆ ಯಾವುದರ ಮೇಲೆ ಬಿತ್ತೆಂಬುದು ಅಷ್ಟಾಗಿ ಇಲ್ಲ. ಹಲ್ ಅವರ ಬರಹದ ಬಲವಿರುವುದು ಅದರಲ್ಲಿ. ಈ ಭಾಗವನ್ನು ಓದಿ ಮುಗಿಸಿದಾಗ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಬಾಳೆಗಿಡಕ್ಕೂ ಒಗೆಯುವ ಕಲ್ಲಿಗೂ ಎಷ್ಟು ದೂರ ಎನ್ನುವುದು ನನಗೂ ಮಳೆ ಬಂದಾಗಲೇ ತಿಳಿಯುವುದು” ಎಂದರು. ವಿಮರ್ಶಕನಾಗಿ ನಾನು ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಆ ಪುಸ್ತಕಕ್ಕೆ ಕೊಡಲಾರೆ. ಹಲ್ ಸಮಾಧಾನದ ಮಾತುಗಳನ್ನು ಮಾರುವುದಿಲ್ಲ. 3 ಎಂಬ ಅಂಕಿಯ ಮುಖ ಯಾವ ಕಡೆಗೆಂಬುದು ಮರೆತುಹೋಗಿ, ಗಾಳಿಯಲ್ಲಿ ಬೆರಳಿನಿಂದ ಬರೆದು ತಿಳಿದುಕೊಳ್ಳಬೇಕಾಯಿತೆಂದು ಒಪ್ಪಿಕೊಳ್ಳುತ್ತಾರೆ. ಮುಗುಳ್ನಕ್ಕರೆ ಮರುನಗೆ ಬಂತೋ ಇಲ್ಲವೋ ತಿಳಿಯದೆ ತಮ್ಮ ನಗೆಯೇ ಬತ್ತುತ್ತಿದೆಯೆಂದು ಭಯಪಡುತ್ತಾರೆ. ಕೊನೆಗೆ ಕುರುಡನ್ನು ಒಂದು ಕೊಡುಗೆಯೆಂದು ಕರೆದಾಗಲೂ, ಅದು ತಾವು ಬಯಸದ ಕೊಡುಗೆಯೆಂಬುದನ್ನು ಮರೆಮಾಚುವುದಿಲ್ಲ. ಒಳಗಣ್ಣಿನ ಸ್ತುತಿಗೆ ಇಲ್ಲಿ ಎಡೆಯಿಲ್ಲ.

ತೋಟದಿಂದ ದಾರಿಗೆ ಬರೋಣ. ಕಣ್ಣಿಲ್ಲದವರ ಪ್ರವಾಸಕಥನ ಹೊಸದೇನೂ ಅಲ್ಲ. ಇಂಗ್ಲೆಂಡಿನ ನೌಕಾದಳದಲ್ಲಿದ್ದ ಜೇಮ್ಸ್ ಹೋಲ್ಮನ್ (1786–1857) ಇಪ್ಪತ್ತೈದರಲ್ಲಿ ದೃಷ್ಟಿ ಕಳೆದುಕೊಂಡು, ಆಮೇಲೆ ಭೂಮಿಯನ್ನೇ ಸುತ್ತಿದ. ತಂತಿಗಳನ್ನು ಅಡ್ಡಲಾಗಿ ಬಿಗಿದ ಒಂದು ಚೌಕಟ್ಟು ಸಾಲು ತಪ್ಪದಂತೆ ಅವನ ಕೈಯನ್ನು ನಡೆಸುತ್ತಿತ್ತು. ಅವನ ಪ್ರವಾಸಗ್ರಂಥದ ಮಾತನ್ನು ಡಾರ್ವಿನ್ನನೇ ತನ್ನ ಬೀಗಲ್ ಯಾತ್ರೆಯ ಪುಸ್ತಕದಲ್ಲಿ ಆಧಾರವಾಗಿ ಬಳಸಿಕೊಂಡಿದ್ದಾನೆ.

ನಾವು ಓದಿದ ಎರಡನೆಯ ಗ್ರಂಥ ವೇದ್ ಮೆಹ್ತಾ ಅವರ ‘ವಾಕಿಂಗ್ ದಿ ಇಂಡಿಯನ್ ಸ್ಟ್ರೀಟ್ಸ್’ (1960). ಮೆಹ್ತಾ 1934ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ನಾಲ್ಕು ತುಂಬುವ ಮೊದಲೇ ಮಿದುಳುಪೊರೆಯ ಜ್ವರ ಅವರ ಕಣ್ಣನ್ನು ಕಸಿದುಕೊಂಡಿತು. ಮುಂಬಯಿಯ ದಾದರಿನ ಅಂಧರ ಶಾಲೆ, 1949ರಲ್ಲಿ ಅಮೆರಿಕದ ಅರ್ಕಾನ್ಸಾಸ್, ಅನಂತರ ಆಕ್ಸ್‌ಫರ್ಡ್. ಹತ್ತು ವರ್ಷಗಳ ಬಳಿಕ 1959ರಲ್ಲಿ ತಾಯ್ನಾಡಿಗೆ ಮರಳಿ, ಕವಿ ಡಾಮ್ ಮೊರೇಸರ ಜೊತೆ ಊರೂರು ತಿರುಗಿದರು. ಆ ತಿರುಗಾಟದಿಂದಲೇ ಮೊರೇಸರ ‘ಗಾನ್ ಅವೇ’ಯೂ ಹುಟ್ಟಿತು. ಮೆಹ್ತಾ ಅವರ ಪುಸ್ತಕದಲ್ಲಿ ಬಣ್ಣಗಳಿವೆ, ಉಡುಪುಗಳಿವೆ, ಮುಖಚಹರೆಗಳಿವೆ. ಬರೆದವರಿಗೆ ಕಣ್ಣಿಲ್ಲವೆಂಬ ಸುಳಿವಿಲ್ಲ.

ಇದು ನನಗೆ ಸರಿಬೀಳಲಿಲ್ಲ. ಜನಜಂಗುಳಿಯ ಬೀದಿಯನ್ನು ಅವರು ಹೇಗೆ ದಾಟಿದರು? ಎದುರಿಗೆ ಕುಳಿತವರ ಚಹರೆ ಅವರಿಗೆ ಯಾರ ಬಾಯಿಂದ ತಿಳಿಯಿತು? ಆ ಶ್ರಮವನ್ನೆಲ್ಲ ಮುಚ್ಚಿಟ್ಟ ಗದ್ಯ ಪ್ರಾಮಾಣಿಕವೆನಿಸೀತೆ ಎಂದು ವಾದಿಸಿದೆ. ತಂದೆಯವರು ಕೇಳಿದರು: “ನೀನು ಪ್ರವಾಸಕಥನ ಬರೆದರೆ ಮೊದಲ ಪುಟದಲ್ಲಿ ನಿನ್ನ ಕನ್ನಡಕದ ನಂಬರು ಹಾಕುತ್ತೀಯೇನು?”

ನಾನು ಉತ್ತರ ಕೊಡಲಿಲ್ಲ. ಆ ರಾತ್ರಿ ಯೋಚಿಸಿದೆ. ಮೆಹ್ತಾ ಅವರು 1957ರ ‘ಫೇಸ್ ಟು ಫೇಸ್’ ಎಂಬ ಆತ್ಮಕಥೆಯಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಿಯಾಗಿತ್ತು. ಎರಡನೆಯ ಪುಸ್ತಕದ ವಸ್ತು ಅವರ ಕಣ್ಣಲ್ಲ, 1959ರ ಭಾರತ. ಪ್ರತಿಯೊಂದು ಪುಟದಲ್ಲಿಯೂ ಕುರುಡನಾಗಿಯೇ ಹಾಜರಿ ಹಾಕಬೇಕೆಂದು ಕೇಳುವುದು, ಧೃತರಾಷ್ಟ್ರನಿಗೆ ಅರ್ಥದ ಹೊರೆ ಹೊರಿಸಿದ ಅದೇ ಹಳೆಯ ಬುದ್ಧಿ. ಔಚಿತ್ಯದ ದೃಷ್ಟಿಯಿಂದ ಲೇಖಕರಲ್ಲಿ ದೋಷವಿಲ್ಲ. ಓದುಗನಿಗೆ ನಷ್ಟವಿದೆಯೆಂಬ ಮಾತನ್ನು ಮಾತ್ರ ನಾನು ಹಿಂತೆಗೆದುಕೊಳ್ಳಲಾರೆ: ಹತ್ತು ವರ್ಷ ದೂರವಿದ್ದ ಕಿವಿಗೆ ನಮ್ಮ ಬೀದಿಗಳು ಹೇಗೆ ಕೇಳಿಸಿದವೆಂಬುದು ಅಲ್ಲಿ ಸಿಗಬಹುದಾಗಿತ್ತು.

ಮೂರನೆಯದು ಹೆಲೆನ್ ಕೆಲ್ಲರ್ ಅವರ ‘ದಿ ವರ್ಲ್ಡ್ ಐ ಲಿವ್ ಇನ್’ (1908). ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗಲೇ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡ ಈಕೆ ನೋಟದ ಮಾತುಗಳನ್ನು ಬಳಸುವುದು ಸಲ್ಲದೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದ್ದರು. ತನಗೂ ಎಲ್ಲರ ಭಾಷೆಯಲ್ಲಿ ಹಕ್ಕಿದೆಯೆಂಬುದು ಆಕೆಯ ಉತ್ತರ. ಈ ಜಗಳ ಇಂಗ್ಲಿಷಿನಲ್ಲಿ ನಡೆದದ್ದು; ಕನ್ನಡದಲ್ಲಾಗಿದ್ದರೆ ಅರ್ಧ ಜಗಳವೇ ಇರುತ್ತಿರಲಿಲ್ಲ. ನಾವು ಮುಟ್ಟಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಕೇಳಿ ನೋಡುತ್ತೇವೆ; ಸಾರಿನ ರುಚಿಯನ್ನೂ ನೋಡುತ್ತೇವೆ. ನಮ್ಮ ನುಡಿ ನೋಟವನ್ನು ಕಣ್ಣಿಗೆ ಮಾತ್ರ ಬರೆದುಕೊಟ್ಟಿಲ್ಲ. ಇಷ್ಟು ಉದಾರವಾದ ಭಾಷೆಯಿದ್ದೂ, ಕಣ್ಣಿಲ್ಲದವರ ದಿನದ ಬಾಳನ್ನು ಹೇಳುವ ಗದ್ಯ ನಾನು ಓದಿದ ಮಟ್ಟಿಗೆ ನಮ್ಮಲ್ಲಿ ವಿರಳ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳು (1892–1944), ಅವರ ಬಳಿಕ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ದೃಷ್ಟಿಯಿಲ್ಲದವರು. ಎಷ್ಟೋ ಅಂಧ ಬಾಲಕರಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟವರು. ಅವರನ್ನು ಕುರಿತು ನಾನು ಓದಿದ ಬರಹಗಳು ಹೆಚ್ಚಾಗಿ ಭಕ್ತಿಯ ಬರಹಗಳು. ಆ ಭಕ್ತಿಗೆ ನನ್ನ ನಮಸ್ಕಾರವಿದೆ. ಆದರೆ ಹೊಸದಾಗಿ ಬಂದ ಹುಡುಗನಿಗೆ ಬಾವಿಕಟ್ಟೆಯ ದಾರಿ ಯಾರು ಕಲಿಸಿದರು, ತಂಬೂರಿಯ ಹರಿದ ತಂತಿಯನ್ನು ಕೈ ಹೇಗೆ ಗುರುತಿಸಿ ಕಟ್ಟಿತು, ರೈಲು ಹತ್ತುವಾಗ ಯಾರ ಹೆಗಲನ್ನು ಯಾರು ಹಿಡಿದರು ಎಂಬುದನ್ನು ಆ ಬರಹಗಳು ನನಗೆ ಹೇಳಲಿಲ್ಲ. ಸಾಧನೆಯ ಎತ್ತರವನ್ನು ಹೇಳಿ ಮೆಟ್ಟಿಲುಗಳನ್ನು ಬಿಟ್ಟರೆ ಅದು ಹತ್ತುವವನಿಗೆ ಉಪಯೋಗಕ್ಕೆ ಬರುವುದಿಲ್ಲ.

ಹಲ್ ಅವರ ಆ ಮಳೆಯ ಪುಟಗಳಲ್ಲಿಯೂ ತೋಟವನ್ನು ಕೇಳುವುದಿದೆ, ಅಗೆಯುವುದಿಲ್ಲ. ಅಗೆಯುವುದನ್ನು ನಾನು ನಮ್ಮ ಹಿತ್ತಿಲಲ್ಲಿ ಕಂಡೆ. ಅಡಿಗೆಮನೆಯ ಬಾಗಿಲಿನಿಂದ ಬಸಳೆ ಚಪ್ಪರದವರೆಗೆ ಸೊಂಟದೆತ್ತರಕ್ಕೆ ತೆಂಗಿನ ನಾರಿನ ಹಗ್ಗ. ಒಂದು ಗಂಟು ಬಂದರೆ ತುಲಸಿ, ಎರಡು ಗಂಟಿಗೆ ದವನ, ಮೂರಕ್ಕೆ ಮೆಣಸಿನಗಿಡದ ಸಾಲು. ಬೀಜ ಹಾಕಲು ಗೇಣಿಗೊಂದು ಕಚ್ಚು ಕೊಯ್ದ ಹಲಗೆ: ಕಚ್ಚಿನಲ್ಲಿ ಮೊಳೆತದ್ದು ಬೆಳೆ, ಆಚೆ ಮೊಳೆತದ್ದು ಕಳೆ. ನೀರು ಸಾಕೋ ಬೇಕೋ ಎಂಬುದಕ್ಕೆ ಬೆರಳಿನ ಎರಡು ಗೆಣ್ಣು ಆಳದ ಮಣ್ಣೇ ಸಾಕ್ಷಿ. ಇದು ಒಂದೇ ದಿನದಲ್ಲಿ ಬಂದ ವಿದ್ಯೆಯಲ್ಲ. ಹಲಗೆ ಬರುವ ಮೊದಲು ಒಮ್ಮೆ ಕನಕಾಂಬರದ ಸಸಿಗಳನ್ನೆಲ್ಲ ಕಳೆಯೆಂದು ಕಿತ್ತುಹಾಕಿ ಎರಡು ದಿನ ಮಾತು ಬಿಟ್ಟಿದ್ದರು. ಕನಕಾಂಬರ ತಾಯಿಯವರಿಗೆ ಪ್ರಿಯವಾಗಿದ್ದ ಹೂ, ಅದಕ್ಕೆ ಗಂಧವಿಲ್ಲ. ಆಮೇಲೆ ಅದನ್ನು ಅವರು ನೆಡಲಿಲ್ಲ. ಆ ಜಾಗದಲ್ಲಿ ಈಗ ಮರುಗವಿದೆ.

ಇದನ್ನು ನೀವೇ ಬರೆಯಬೇಕೆಂದು ನಾನು ಹಟ ಹಿಡಿದೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮೊದಲ ದಿನ ಅಭ್ಯಾಸಬಲದಿಂದ ‘ಕತ್ತಲೆಯ ಲೋಕ’ ಎಂದು ನನ್ನದೊಂದು ಮಾತನ್ನು ಸೇರಿಸಿದೆ. ಓದಿ ಹೇಳಿದಾಗ ಅದನ್ನು ಹೊಡೆಸಿ ಹಾಕಿದರು. “ಕತ್ತಲೆ ಎನ್ನುವುದು ಕಣ್ಣಿದ್ದವರು ದೀಪ ಆರಿಸಿದಾಗ ಕಾಣುವುದು. ಅದು ನಿನ್ನ ಮಾತು. ಹಗ್ಗದ ವಿಷಯ ಬರೆದುಕೋ.”

ಹನ್ನೊಂದು ಪುಟಗಳಾಗಿವೆ. ಬಸಳೆ ಚಪ್ಪರ ಇನ್ನೂ ಬಂದಿಲ್ಲ.