ರಸ್ತೆಬದಿಯಲ್ಲಿ ಜೇನಿನ ಪಾಲು

ಬೀದರ್ ಜಿಲ್ಲೆಯಲ್ಲಿ ಗಿಡ ನೆಡುವ ಕೆಲಸ ನಡೆಯುತ್ತಿಲ್ಲ ಎಂದು ಯಾರೂ ದೂರಲಾರರು. ಜುಲೈ ಬಂತೆಂದರೆ ವನಮಹೋತ್ಸವ, ಶಾಲೆಯ ಮಕ್ಕಳ ಕೈಯಲ್ಲಿ ಸಸಿ, ರಸ್ತೆಯ ಎರಡೂ ಬದಿಗೆ ಮುಳ್ಳು ಸುತ್ತಿದ ಹೊಸ ಗುಂಡಿಗಳು. ಅರಣ್ಯ ಇಲಾಖೆ, ಸಾಮಾಜಿಕ ಅರಣ್ಯ ವಿಭಾಗ, ಗ್ರಾಮ ಪಂಚಾಯಿತಿ, ಹೆದ್ದಾರಿಯವರು, ಎಲ್ಲರೂ ನೆಡುತ್ತಾರೆ. ಅರಣ್ಯದ ಪಾಲು ಶೇ 10ನ್ನೂ ಮುಟ್ಟದ ಜಿಲ್ಲೆಯಲ್ಲಿ ಇದು ಆಗಲೇಬೇಕಾದ ಕೆಲಸ. ಆದರೆ ಇದನ್ನು ಅಳೆಯುವ ಬಗೆ ಮಾತ್ರ ಒಂದೇ: ನೆಟ್ಟದ್ದೆಷ್ಟು, ಉಳಿದದ್ದೆಷ್ಟು. ಬೇರೊಂದು ಪ್ರಶ್ನೆ ಕೇಳಿ ನೋಡೋಣ. ಜೇನು, ದುಂಬಿ, ಚಿಟ್ಟೆಗಳಿಗೆ ನಮ್ಮ ಸಾರ್ವಜನಿಕ ನೆಲದಲ್ಲಿ ವರ್ಷವಿಡೀ ಹೂವು ಸಿಗುತ್ತದೆಯೇ, ಗೂಡು ಕಟ್ಟಲು ಕೆದಕದ ಮಣ್ಣು ಉಳಿದಿದೆಯೇ? ಹೀಗೆ ಕೇಳಿದರೆ ನಮ್ಮ ನೆಡುವ ಕೆಲಸಕ್ಕೆ ಅರ್ಧ ಅಂಕ ಕೊಡಬಹುದು. ಸವರುವ ಕೆಲಸಕ್ಕೆ ಏನೂ ಕೊಡಲಾಗದು.

ರಸ್ತೆಬದಿ ಇಷ್ಟು ಮುಖ್ಯವಾಗಲು ಕಾರಣ ಹೊಲದಲ್ಲಿದೆ. ಹಿಂದೆ ಇಲ್ಲಿನ ಎರೆ ಹೊಲದಲ್ಲಿ ಜೋಳದ ಸಾಲಿನ ನಡುವೆ ಕುಸುಬೆ ಇರುತ್ತಿತ್ತು, ಅಂಚಿಗೆ ಅಗಸೆ, ಮಸಾರಿ ನೆಲದಲ್ಲಿ ಗುರೆಳ್ಳು ಮತ್ತು ಎಳ್ಳು. ಇವೆಲ್ಲ ಜೇನಿಗೆ ಮೇವು ಕೊಡುವ ಬೆಳೆ. ಗುರೆಳ್ಳಂತೂ ತನ್ನದೇ ಗಿಡದ ಪರಾಗಕ್ಕೆ ಕಾಳು ಕಟ್ಟುವುದಿಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹುಳ ಹಾರಲೇಬೇಕು. ಈಗ ಭಾಲ್ಕಿ, ಔರಾದಗಳಲ್ಲಿ ಮುಂಗಾರಿನ ದೊಡ್ಡ ಬೆಳೆ ಸೋಯಾ. ಅದು ತನ್ನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಹೆಸರು, ಉದ್ದು ಕೂಡ ಹಾಗೆಯೇ. ಕಾರಂಜಾ ಜಲಾಶಯದ ನೀರು ಹರಿದ ಕಡೆ ಕಬ್ಬು ಬಂತು, ಅದರಿಂದ ಜೇನಿಗೆ ಏನೂ ಇಲ್ಲ. ತೊಗರಿಯೊಂದು ಉಳಿದಿದೆ. ತೊಗರಿ ತಾನಾಗಿಯೂ ಕಾಯಿ ಕಟ್ಟುತ್ತದೆ, ಆದರೆ ಎಲೆ ಕತ್ತರಿಸಿ ಗೂಡು ಮಾಡುವ ಜೇನು, ಒಣ ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಅದರ ಹೂವಿಗೆ ತಪ್ಪದೆ ಬರುತ್ತವೆ. ಅವು ಬಂದ ಹೊಲದಲ್ಲಿ ಪರಾಗ ಗಿಡದಿಂದ ಗಿಡಕ್ಕೆ ಸಾಗುತ್ತದೆ. ತೊಗರಿಯ ಹೂವು ಮುಗಿದ ಮೇಲೆ ಈ ಹುಳಗಳು ಎಲ್ಲಿಗೆ ಹೋಗಬೇಕು? ಬದುಗಳನ್ನು ಕಳೆನಾಶಕ ಸುಟ್ಟಿದೆ. ಕಡಲೆ ಹೂವು ಬಿಟ್ಟರೂ ಅವಕ್ಕೆ ಸಿಗುವುದು ಅತ್ಯಲ್ಪ. ಹೊಲದಲ್ಲಿ ಕಳೆದುಕೊಂಡ ಹೂವು ಇನ್ನೂ ಉಳಿದಿರುವುದು ರಸ್ತೆಬದಿ, ಹಳ್ಳದ ದಂಡೆ, ಕೆರೆಯ ಅಂಗಳ, ಗಾಯರಾಣವೆಂಬ ಊರ ಹುಲ್ಲುಗಾವಲು ಮತ್ತು ರೈಲು ಹಳಿಯ ಪಕ್ಕದ ನೆಲದಲ್ಲಿ. ಅಂದರೆ ಸರ್ಕಾರದ ನೆಲದಲ್ಲಿ.

ಬೀದರಿನಿಂದ ಜನವಾಡ ದಾಟಿ, ಕೌಠಾ ಬಳಿ ಮಾಂಜ್ರಾ ಸೇತುವೆ ಹಾದು, ಸಂತಪುರದ ಮೂಲಕ ಔರಾದಕ್ಕೆ ಹೋಗುವ ರಸ್ತೆಯನ್ನು ಸೆಪ್ಟೆಂಬರ್ ಕೊನೆಯಲ್ಲಿ ನೋಡಬೇಕು. ಡಾಂಬರು ಮುಗಿದು ಹೊಲದ ಬೇಲಿ ಶುರುವಾಗುವ ನಡುವಿನ ಆ ಕಿರಿದಾದ ಪಟ್ಟಿಯಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಒಂದು ತೋಟ ಎದ್ದಿರುತ್ತದೆ. ಬಿಳಿ ತುಂಬೆ, ನೆಲಕ್ಕಂಟಿದ ಹಳದಿ ನೆಗ್ಗಿಲು, ನಡುನಡುವೆ ಎಕ್ಕೆ, ತಂಗಡಿ ಎಂದೂ ಕರೆಯುವ ಆವರಿಕೆ. ಆವರಿಕೆಯ ಕತೆ ಹೇಳಲೇಬೇಕು. ಅದರ ಪರಾಗಕೋಶ ಉದ್ದಕ್ಕೆ ಬಿರಿಯುವುದಿಲ್ಲ, ತುದಿಯಲ್ಲಿ ಸಣ್ಣ ರಂಧ್ರವಷ್ಟೇ ಇರುತ್ತದೆ. ನೀಲಿ ಪಟ್ಟೆಯ ಜೇನಿನಂಥ ಹುಳ ಹೂವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ನಡುಗಿಸಿದಾಗ ಮಾತ್ರ ಪರಾಗ ಚಿಮ್ಮುತ್ತದೆ. ಬದನೆ, ಟೊಮೆಟೊ ಹೂವುಗಳ ರಚನೆಯೂ ಇಂಥದ್ದೇ. ರಸ್ತೆಬದಿಯ ಆವರಿಕೆಯಲ್ಲಿ ಮೇವು ಕಂಡ ಜೇನು ಪಕ್ಕದ ಬದನೆ ಮಡಿಗೂ ಬರುತ್ತದೆ. ಅದೇ ಆವರಿಕೆಯ ಎಲೆ ಎಮಿಗ್ರಂಟ್ ಚಿಟ್ಟೆಯ ಮರಿಗೆ ಆಹಾರ, ಎಕ್ಕೆಯ ಎಲೆ ಪ್ಲೇನ್ ಟೈಗರ್ ಚಿಟ್ಟೆಯ ಮರಿಗೆ. ಪಕ್ಕದ ತೆಲಂಗಾಣದ ಹೆಣ್ಣುಮಕ್ಕಳು ಬತುಕಮ್ಮ ಹಬ್ಬಕ್ಕೆ ಆರಿಸಿ ತರುವ ಹೂವೂ ಈ ಆವರಿಕೆಯದೇ. ಆ ರಾಜ್ಯ ಇದನ್ನು ತನ್ನ ರಾಜ್ಯಪುಷ್ಪ ಮಾಡಿಕೊಂಡಿದೆ. ಗಡಿಯ ಈಚೆ ನಮ್ಮ ದಾಖಲೆಗಳಲ್ಲಿ ಅದು ಬರೀ ಪೊದೆ.

ಪೊದೆ ಎಂದಾದ ಮೇಲೆ ಅದಕ್ಕೆ ಕಾದಿರುವುದು ಜಂಗಲ್ ಕಟಿಂಗ್. ಮಳೆ ಹಿಂದೆ ಸರಿಯುತ್ತಿದ್ದಂತೆ ರಸ್ತೆಬದಿ ಸವರುವ ಗುತ್ತಿಗೆ ಶುರುವಾಗುತ್ತದೆ. ಕುಡುಗೋಲು ಹಿಡಿದ ಕೂಲಿಗಳು ಮಾಡುತ್ತಿದ್ದ ಕೆಲಸವನ್ನು ಈಗ ಬಹಳ ಕಡೆ ಜೆಸಿಬಿ ಮಾಡುತ್ತದೆ. ಕುಡುಗೋಲು ಗಿಡವನ್ನು ಕೊಯ್ಯುತ್ತಿತ್ತು, ಬೇರು ಉಳಿಯುತ್ತಿತ್ತು. ಜೆಸಿಬಿಯ ಬಕೆಟ್ಟು ಬೇರಿನ ಸಮೇತ ಅರ್ಧ ಅಡಿ ಮಣ್ಣನ್ನೇ ಕೆರೆದು ಚರಂಡಿಯಾಚೆ ತಳ್ಳುತ್ತದೆ. ನನ್ನ ದೊಡ್ಡ ತಕರಾರು ಇಲ್ಲಿಯೇ ಇರುವುದು. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಿವೆ. ಅವುಗಳಲ್ಲಿ ಹಟ್ಟಿ ಕಟ್ಟಿ ಗುಂಪಾಗಿ ಬದುಕುವ ಹೆಜ್ಜೇನು, ತುಡುವೆ, ಕೋಲುಜೇನುಗಳಂಥವು ಕಡಿಮೆ. ಬಹುಪಾಲು ಜಾತಿಗಳಲ್ಲಿ ಹೆಣ್ಣು ಹುಳ ಒಂಟಿಯಾಗಿ ನೆಲದಲ್ಲಿ ಪೆನ್ಸಿಲ್ ದಪ್ಪದ ಬಿಲ ತೋಡಿ, ಪರಾಗದ ಉಂಡೆ ಇಟ್ಟು, ಮೊಟ್ಟೆ ಹಾಕಿ ಬಾಯಿ ಮುಚ್ಚುತ್ತದೆ. ಮುಂದಿನ ಪೀಳಿಗೆ ತಿಂಗಳುಗಟ್ಟಲೆ ಆ ಮಣ್ಣಿನಲ್ಲೇ ಇರುತ್ತದೆ. ಹೂವು ಹೋದರೆ ಒಂದು ಋತು ಹೋದಂತೆ. ಮಣ್ಣು ಹೋದರೆ ಪೀಳಿಗೆಯೇ ಹೋಯಿತು. ಸಣ್ಣ ಒಂಟಿ ಜೇನುಗಳ ಓಡಾಟ ಗೂಡಿನಿಂದ ಕೆಲವು ನೂರು ಮೀಟರು ಮಾತ್ರ. ಹೆಜ್ಜೇನಿನ ಹಾಗೆ ಮೈಲುಗಟ್ಟಲೆ ಹಾರಿ ಬೇರೆ ಊರು ಹುಡುಕಿಕೊಳ್ಳುವ ಶಕ್ತಿ ಅವಕ್ಕಿಲ್ಲ.

ಸವರುವುದೇ ತಪ್ಪು ಎನ್ನುತ್ತಿಲ್ಲ. ತಿರುವಿನಲ್ಲಿ ಎದುರಿನ ಬೈಕು ಕಾಣಬೇಕು. ಡಾಂಬರಿನ ಅಂಚಿನ ಒಂದೆರಡು ಮೀಟರು ವರ್ಷವಿಡೀ ಮೋಟಾಗಿಯೇ ಇರಲಿ. ನಡೆದು ಹೋಗುವ ಶಾಲೆಯ ಮಕ್ಕಳಿಗೆ ಹಾವಿನ ಭಯ ಇರುವುದು ನಿಜ, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದೂ ನಿಜ. ಆದರೆ ಇವುಗಳಲ್ಲಿ ಯಾವುದಕ್ಕೂ ಚರಂಡಿಯಾಚೆಯ ಪಟ್ಟಿಯನ್ನು ಹೂವಿನ ತಿಂಗಳಲ್ಲೇ ಬೇರುಸಹಿತ ಕೆರೆಯಬೇಕಾಗಿಲ್ಲ. ತುಂಬೆ, ಆವರಿಕೆ ಬೀಜ ಉದುರಿಸಿದ ಮೇಲೆ, ಎಳ್ಳಮಾವಾಸ್ಯೆ ಕಳೆದು ಜನವರಿಯಲ್ಲಿ, ನೆಲದಿಂದ ಒಂದು ಗೇಣು ಬಿಟ್ಟು ಕೊಯ್ದರೆ ಮಾರ್ಚಿನ ಬೆಂಕಿಗೂ ಉರುವಲು ಸಿಗದು, ಮುಂದಿನ ಮಳೆಗೆ ಬೀಜವೂ ಉಳಿಯುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಹೆದ್ದಾರಿ ಇಲಾಖೆ 1930ರ ದಶಕದಿಂದಲೂ ಕಾಡುಹೂವು ಬೀಜವಾಗುವವರೆಗೆ ರಸ್ತೆಬದಿಯ ಹುಲ್ಲು ಕೊಯ್ಯುವುದನ್ನು ಮುಂದೂಡುತ್ತ ಬಂದಿದೆ. ಆ ಊರಿನ ಹೂವುಗಳನ್ನು ನಾವು ತರಬೇಕಿಲ್ಲ. ಆ ಕಾಯುವ ಕ್ರಮವೊಂದನ್ನು ತಂದರೆ ಸಾಕು.

ಇನ್ನು ನೆಡುವ ಕೆಲಸ. ಇದರಲ್ಲಿ ಮೆಚ್ಚುವುದು ಬಹಳಷ್ಟಿದೆ. ರಸ್ತೆಬದಿಗೆ ಬೇವು, ಹೊಂಗೆ, ನೇರಳೆ, ಹುಣಸೆ ಹಾಕುವ ಹಳೆಯ ರೂಢಿ ಒಳ್ಳೆಯದು. ಯುಗಾದಿಯ ಹೊತ್ತಿಗೆ ಬೇವು, ಅದರ ಹಿಂದೆಯೇ ಹೊಂಗೆ ಹೂ ಬಿಡುತ್ತವೆ. ಹೊಲಗಳಲ್ಲಿ ಬರೀ ಕೂಳೆ ಇರುವ ಆ ಸುಡುಬಿಸಿಲಿನಲ್ಲಿ ಜೇನಿನ ಹಟ್ಟಿ ಜೀವ ಹಿಡಿದಿರುವುದು ಈ ಮರಗಳ ಬಲದಿಂದ. ಆದ್ದರಿಂದ ರಸ್ತೆ ಅಗಲ ಮಾಡುವಾಗ ಉರುಳುವ ಒಂದು ಹಳೆಯ ಹೊಂಗೆಗೆ ಬದಲಾಗಿ ಹತ್ತು ಸಸಿ ನೆಟ್ಟೆವೆಂಬ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಆ ಹತ್ತು ಸಸಿಗಳು ಹೂವಿಗೆ ಬರುವವರೆಗಿನ ವರ್ಷಗಳ ಬೇಸಿಗೆಯನ್ನು ಯಾವ ಸಸಿಯೂ ತುಂಬಿಕೊಡದು.

ಹೆದ್ದಾರಿಗಳ ನಡುಪಟ್ಟಿಯ ಆಯ್ಕೆ ಮಾತ್ರ ನಿರಾಶೆ ತರುತ್ತದೆ. ಹುಮನಾಬಾದ್ ಮೂಲಕ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಂಥ ನಾಲ್ಕು ಪಥದ ರಸ್ತೆಗಳಲ್ಲಿ ನಡುವೆ ಕಣಗಿಲೆ ಮತ್ತು ಬೋಗನ್‌ವಿಲಿಯಾ ಹಾಕುವುದು ದೇಶದಲ್ಲೆಲ್ಲ ರೂಢಿ. ಕಣಗಿಲೆ ಹೂವಿನಲ್ಲಿ ಮಕರಂದವೇ ಇಲ್ಲ. ಬೋಗನ್‌ವಿಲಿಯಾದಲ್ಲಿ ನಾವು ಹೂವೆಂದು ನೋಡುವುದು ಬಣ್ಣದ ಎಲೆಯನ್ನು. ಒಂದು ಕಡೆಯಿಂದ ಇದು ಒಳ್ಳೆಯದೇ, ಏಕೆಂದರೆ ಎರಡು ಕಡೆ ಲಾರಿ ಓಡುವ ನಡುಪಟ್ಟಿಗೆ ಚಿಟ್ಟೆಗಳನ್ನು ಕರೆದರೆ ಅವು ಗಾಜಿಗೆ ಬಡಿದು ಸಾಯುತ್ತವೆ. ಹಾಗಾದರೆ ಜೇನಿಗೆ ಬೇಕಾದ ಗಿಡವನ್ನು ಹೆದ್ದಾರಿಯ ಹೊರ ಅಂಚಿಗೆ ಹಾಕಬೇಕಿತ್ತಲ್ಲ? ಕೇಂದ್ರ ಸರ್ಕಾರದ 2015ರ ಹಸಿರು ಹೆದ್ದಾರಿ ನೀತಿ ಯೋಜನಾ ವೆಚ್ಚದ ಶೇ 1ರಷ್ಟನ್ನು ಗಿಡಮರಗಳಿಗೆ ಎತ್ತಿಟ್ಟಿತು. ಹಣದ ದಾರಿ ಅಲ್ಲಿಂದಲೇ ತೆರೆದಿದೆ. ಯಾವ ಗಿಡ ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಎಂಬ ಪಟ್ಟಿಯನ್ನು ಮುಂದಿಟ್ಟುಕೊಂಡು ಆರಿಸುವ ಅಭ್ಯಾಸ ಬರಬೇಕು. ಹೀಗೆ ನೋಡಿದಾಗ ಗುಲ್‌ಮೊಹರ್ ಹಿಂದೆ ಸರಿಯುತ್ತದೆ, ಮುತ್ತುಗ ಮುಂದೆ ಬರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಇಳಿಜಾರಿನಲ್ಲಿ ತಾನಾಗಿ ಬೆಳೆಯುವ ಸೀತಾಫಲವನ್ನೂ ಮರೆಯಬಾರದು. ಅದರ ಪರಾಗಸ್ಪರ್ಶ ಮಾಡುವುದು ಜೇನಲ್ಲ, ಕೊಳೆತ ಹಣ್ಣಿನಲ್ಲಿ ಬದುಕುವ ಎಳ್ಳುಕಾಳಿನಷ್ಟು ಸಣ್ಣ ಜೀರುಂಡೆಗಳು. ಬುಡದ ಕಸವನ್ನೆಲ್ಲ ಗುಡಿಸಿ ಸುಡುವ ಕಡೆ ಅವಕ್ಕೆ ನೆಲೆ ಇಲ್ಲ.

ಗಾಯರಾಣದ ವಿಷಯಕ್ಕೆ ಬಂದರೆ ಮಾತು ಇನ್ನೂ ಬಿಗಿಯಾಗಬೇಕು. ಭೂಕಂದಾಯ ನಿಯಮದ ಪ್ರಕಾರ ನೂರು ದನಗಳಿಗೆ 30 ಎಕರೆ ಹುಲ್ಲುಗಾವಲು ಬಿಡಬೇಕು. ಒತ್ತುವರಿಯಲ್ಲಿ ಕರಗಿ ಉಳಿದ ತುಂಡುಗಳನ್ನು ಬರಡು ಭೂಮಿ ಎಂದು ಕರೆದು, ಸಾಲುಸಾಲು ಗುಂಡಿ ತೋಡಿ, ಒಂದೇ ಜಾತಿಯ ಮರ ತುಂಬುವುದನ್ನು ಹಸಿರೀಕರಣ ಎನ್ನುತ್ತೇವೆ. ಬೀದರ್ ಸುತ್ತಲಿನ ತೆಳು ಮಣ್ಣಿನ ಬಯಲು ಮರ ಕಳೆದುಕೊಂಡ ಕಾಡಲ್ಲ, ಅದು ಹುಲ್ಲುಗಾವಲಾಗಿಯೇ ಇರಬೇಕಾದ ನೆಲ. ಕೃಷ್ಣಮೃಗ ಅಲ್ಲಿ ಮೇಯುವುದೂ ಅದಕ್ಕೇ. ಮಳೆಗಾಲದಲ್ಲಿ ಹುಲ್ಲಿನ ನಡುವೆ ಎದ್ದು ಕೆಲವೇ ವಾರ ಬಾಳುವ ಹೂಗಿಡಗಳು, ಅವುಗಳ ಬುಡದ ಬಿಸಿಲು ಬೀಳುವ ನೆಲದಲ್ಲಿ ಒಂಟಿ ಜೇನಿನ ಬಿಲಗಳು, ಮರ ದಟ್ಟವಾಗಿ ನೆರಳು ಕವಿದರೆ ಎರಡೂ ಇಲ್ಲವಾಗುತ್ತವೆ. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಸರಿ. ಅದರ ಜಾಗಕ್ಕೆ ಇನ್ನೊಂದು ಏಕಜಾತಿಯ ತೋಪು ಬಂದರೆ ಜೇನಿಗೆ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಬೀದರ್ ನಗರದಲ್ಲಿ ಅವಕಾಶ ದೊಡ್ಡದಿದೆ. ಕೋಟೆಯ ಕಂದಕ, ಅಷ್ಟೂರಿನ ಬಹಮನಿ ಗೋರಿಗಳ ಸುತ್ತಲಿನ ಬಯಲು, ಬರೀದಶಾಹಿ ಗೋರಿಗಳ ಉದ್ಯಾನ, ಪಾಪನಾಶದ ಕೆರೆಯಂಗಳ, ನೌಬಾದಿನ ಕಾರೇಜ್ ಸುರಂಗದ ಬಾವಿಗಳ ಸಾಲು. ಇಷ್ಟೊಂದು ಸಾರ್ವಜನಿಕ ನೆಲ ಒಂದೇ ಊರಿನಲ್ಲಿರುವುದು ಅಪರೂಪ. ಸ್ಮಾರಕದ ಸುತ್ತ ಹುಲ್ಲುಹಾಸು ಬೆಳೆಸುವುದು ನಮ್ಮ ಪುರಾತತ್ವ ಇಲಾಖೆಯ ಹಳೆಯ ಪದ್ಧತಿ. ಆ ಹುಲ್ಲುಹಾಸಿಗೆ ನೀರು ಸುರಿಯಬೇಕು, ವಾರವಾರ ಕೊಯ್ಯಬೇಕು. ಹೂವು ತೆರೆಯುವಷ್ಟು ಹೊತ್ತು ಅದಕ್ಕೆ ಸಿಗುವುದೇ ಇಲ್ಲ. ಪ್ರವಾಸಿ ನಡೆಯುವ ದಾರಿಯ ಎರಡೂ ಬದಿ ಹಸಿರಾಗಿರಲಿ, ಹಿಂದಿನ ಇಳಿಜಾರನ್ನು ತುಂಬೆಗೂ ಆವರಿಕೆಗೂ ಬಿಡಬಹುದು. ಗೋಡೆಯ ಬಿರುಕಿಗೆ ಬೇರಿಳಿಸುವ ಅರಳಿ, ಆಲವನ್ನು ಕೀಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಗೋಡೆಯಿಂದ ದೂರದ ಗಿಡಗಂಟಿಯನ್ನೂ ಒಟ್ಟಿಗೆ ಸವರುವುದು ಬೇಡ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ರಸ್ತೆಬದಿ ಕಾಪಾಡಿದರೂ ಅದರ ಪಕ್ಕದ ಹೊಲಕ್ಕೆ ವಿಷ ಹೊಡೆದರೆ ಹೂವಿನ ಪಟ್ಟಿಯೇ ಹುಳಗಳಿಗೆ ಉರುಲಾಗುವುದಿಲ್ಲವೇ? ಆಗುತ್ತದೆ. ಸೋಯಾ ಬೀಜೋಪಚಾರಕ್ಕೂ ಸಿಂಪರಣೆಗೂ ಬಳಸುವ ನಿಯೋನಿಕೋಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳನ್ನು ಯುರೋಪ್ ಒಕ್ಕೂಟ 2018ರಲ್ಲಿ ತೆರೆದ ಹೊಲಗಳಲ್ಲಿ ನಿಷೇಧಿಸಿದ್ದು ಜೇನಿನ ಕಾರಣಕ್ಕೇ. ಹಾಗೆಂದು ರಸ್ತೆಬದಿಯನ್ನು ಕೈಬಿಡಲಾಗದು. ತೊಗರಿಗೆ ಔಷಧ ಹೊಡೆಯುವ ರೈತ ಬೆಳಗಿನ ಹೊತ್ತು ಬಿಟ್ಟು ಸಂಜೆ ಹೊಡೆದರೆ ಹೂವಿನ ಮೇಲಿರುವ ಹುಳಗಳು ಬಹುಮಟ್ಟಿಗೆ ಉಳಿಯುತ್ತವೆ. ಬೀದರಿನ ಕೃಷಿ ವಿಜ್ಞಾನ ಕೇಂದ್ರವೂ ತೋಟಗಾರಿಕೆ ಕಾಲೇಜೂ ಈ ಮಾತನ್ನು ಹೊಲದ ಬದುವಿಗೆ ಒಯ್ಯಬಲ್ಲ ಸಂಸ್ಥೆಗಳು. ಭಾರಿ ವಾಹನ ಓಡುವ ಹೆದ್ದಾರಿಗಿಂತ ತಾಲ್ಲೂಕಿನ ಒಳರಸ್ತೆಗಳನ್ನು, ಭಾಲ್ಕಿ–ಕಮಲನಗರದ ಕಡೆಯ ರೈಲು ಹಳಿಯ ಅಂಚನ್ನು ಮೊದಲು ಆರಿಸಿಕೊಳ್ಳುವುದು ಜಾಣತನ.

ಕಾನೂನಿನ ಕೊರತೆ ಇದಕ್ಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲೆ ಇರಬೇಕೆನ್ನುತ್ತದೆ. ಆ ದಾಖಲೆಯಲ್ಲಿ ಊರಿನ ಹೆಜ್ಜೇನು ಕಟ್ಟುವ ಮರ, ಆವರಿಕೆ ಇರುವ ಪಟ್ಟಿ, ಕೆದಕದ ಗಾಯರಾಣ ಸೇರಿದರೆ ಗುತ್ತಿಗೆದಾರನಿಗೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ. ರಾಜ್ಯದ ಅರಣ್ಯ ಮತ್ತು ಪರಿಸರ ಖಾತೆ 2023ರ ಮೇ ತಿಂಗಳಲ್ಲಿ ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ ಅವರಿಗೆ ಬಂತು. ಜಿಲ್ಲೆಯ ಬೇಡಿಕೆ ಬೆಂಗಳೂರಿಗೆ ಮುಟ್ಟುವುದಿಲ್ಲ ಎಂಬ ಹಳೆಯ ಕಾರಣವನ್ನು ಇನ್ನು ಹೇಳುವಂತಿಲ್ಲ. ಕೇಳಬೇಕಾದದ್ದೂ ದೊಡ್ಡದಲ್ಲ: ಬೀದರ್, ಭಾಲ್ಕಿ, ಔರಾದ ತಾಲ್ಲೂಕುಗಳ ಜಂಗಲ್ ಕಟಿಂಗ್ ಟೆಂಡರಿನಲ್ಲಿ ಚರಂಡಿಯಾಚೆಯ ಪಟ್ಟಿಗೆ ಜೆಸಿಬಿ ಬೇಡವೆಂಬ ಒಂದು ಷರತ್ತು, ಕೆಲಸದ ಅವಧಿ ಜನವರಿ ಎಂಬ ಇನ್ನೊಂದು ಷರತ್ತು. ಇವೆರಡಕ್ಕೂ ಹೊಸ ಅನುದಾನ ಬೇಕಿಲ್ಲ, ಮುಂದಿನ ಮಳೆಗಾಲ ಮುಗಿಯುವ ಮೊದಲೇ ಬರೆಯಬಹುದು.